ಟೆಕ್ಸಾಸಿನ ಹಳ್ಳಿಗಾಡಿನ ಕೌಂಟಿಯಲ್ಲಿ ಒಬ್ಬರ ಕ್ರಿಮಿನಲ್ ದಾಖಲೆ ಹುಡುಕುವುದು ಹೇಗೆ?

ಓದುಗರ ಪ್ರಶ್ನೆ: ನಾವು ಹಾಸನ ಜಿಲ್ಲೆಯ ಕಡೆಯವರು, 14 ವರ್ಷಗಳಿಂದ ಡಲ್ಲಾಸ್ ಬಳಿ ವಾಸವಾಗಿದ್ದೇವೆ. ಕಳೆದ ವರ್ಷ ಇಲ್ಲಿಂದ ಮೂರು ಗಂಟೆ ದೂರದ ಒಂದು ಸಣ್ಣ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) 40 ಎಕರೆ ಜಮೀನು, ಒಂದು ಹಳೆಯ ಮನೆ ಮತ್ತು 12 ದನಗಳನ್ನು ಕೊಂಡೆವು. ಊರಿನಿಂದ ಬರುವ ಅಪ್ಪ ಅಮ್ಮ ವರ್ಷದಲ್ಲಿ ನಾಲ್ಕೈದು ತಿಂಗಳು ಅಲ್ಲಿಯೇ ಇರಬೇಕೆಂದು ಆಸೆಪಟ್ಟಿದ್ದಾರೆ. ದನ ಮತ್ತು ಬೇಲಿಯನ್ನು ನೋಡಿಕೊಳ್ಳಲು ಸ್ಥಳೀಯರೊಬ್ಬರನ್ನು ನೇಮಿಸಿಕೊಂಡು, ಜಮೀನಿನಲ್ಲಿಯೇ ಇರುವ ಟ್ರೈಲರ್ ಮನೆಯನ್ನು ಅವರ ವಾಸಕ್ಕೆ ಕೊಡಬೇಕೆಂದಿದ್ದೇವೆ. ಮನುಷ್ಯ ಒಳ್ಳೆಯವರಂತೆ ಕಾಣುತ್ತಾರೆ. ಆದರೆ ಪಕ್ಕದ ಜಮೀನಿನವರು, ‘ಎಂಟು ವರ್ಷಗಳ ಹಿಂದೆ ಅವನನ್ನು ಶೆರಿಫ್ ಕಡೆಯವರು ಹಿಡಿದುಕೊಂಡು ಹೋಗಿದ್ದರು’ ಎಂದರು. ಇಂಟರ್ನೆಟ್ಟಿನಲ್ಲಿ 30 ಡಾಲರ್ ಕೊಟ್ಟು ಒಂದು ವರದಿ ತರಿಸಿದೆ. ಈ ಕೌಂಟಿಯಲ್ಲಿ ದಾಖಲೆ ಇಲ್ಲ ಎಂದು ಅದರಲ್ಲಿದೆ. ಆದರೆ ಅದೇ ಹೆಸರಿನವರೊಬ್ಬರ ಮೇಲೆ ಬೇರೊಂದು ಕೌಂಟಿಯಲ್ಲಿ ಕಳ್ಳತನದ ಕೇಸು ತೋರಿಸುತ್ತಿದೆ. ನಮ್ಮೂರಿನಲ್ಲಾದರೆ ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿದರೆ ತಾಲ್ಲೂಕು ಕೋರ್ಟಿನ ಕೇಸೂ ಬರುತ್ತದೆ. ಇಲ್ಲಿನ ಕೌಂಟಿಯ ವೆಬ್‌ಸೈಟಿನಲ್ಲಿ ಫೋನ್ ನಂಬರು ಬಿಟ್ಟರೆ ಏನೂ ಇಲ್ಲ. ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಕೈಕೆಳಗೆ ಪರಿಚಯದ ಡೆಪ್ಯುಟಿಯೊಬ್ಬರಿದ್ದಾರೆ, ಅವರನ್ನೇ ಕೇಳಲೇ? ಆ ವ್ಯಕ್ತಿಗೆ ತಿಳಿಸದೆ ಹೀಗೆ ಹುಡುಕುವುದು ಕಾನೂನಿಗೆ ವಿರುದ್ಧವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ವಯಸ್ಸಾದ ತಂದೆತಾಯಿಯ ಕೂಗಳತೆಯಲ್ಲಿ ಪೂರ್ವಾಪರ ತಿಳಿಯದವರನ್ನು ಇರಿಸುವುದು ಹೇಗೆ ಎಂಬುದು ಮೊದಲನೆಯದು. ನೆರೆಯವರ ಬಾಯಿಮಾತು ಮತ್ತು ಒಂದು ಅಗ್ಗದ ವರದಿಯನ್ನು ನಂಬಿ ತಪ್ಪು ಮಾಡದವರೊಬ್ಬರ ಅನ್ನಕ್ಕೆ ಕಲ್ಲು ಹಾಕಿಬಿಟ್ಟರೆ ಎಂಬುದು ಎರಡನೆಯದು. ಎರಡನೆಯದನ್ನು ನೀವು ನೇರವಾಗಿ ಬರೆಯದಿದ್ದರೂ ಸಾಲುಗಳ ನಡುವೆ ಅದು ಕಾಣುತ್ತದೆ, ಮತ್ತು ಅದು ಕಂಡಿದ್ದರಿಂದಲೇ ಇಷ್ಟು ವಿವರವಾಗಿ ಉತ್ತರಿಸಬೇಕೆನ್ನಿಸಿತು. ಟೆಕ್ಸಾಸಿನ ಕೋರ್ಟ್‌ಹೌಸ್‌ಗಳಲ್ಲಿ ವಕೀಲರ ಪರವಾಗಿ ಕಡತ ಹುಡುಕುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಅಲ್ಲಿ ಕಲಿತ ಮೊದಲ ಪಾಠವೆಂದರೆ, ‘ದಾಖಲೆ ಸಿಗಲಿಲ್ಲ’ ಎಂಬ ಮಾತನ್ನು ಕೇಳಿದ ಕೂಡಲೇ ‘ಎಲ್ಲಿ ಹುಡುಕಿದಿರಿ?’ ಎಂದು ಕೇಳಬೇಕು. ‘ದಾಖಲೆ ಸಿಕ್ಕಿತು’ ಎಂದಾಗ ‘ಇದು ಅದೇ ಮನುಷ್ಯನದೇ?’ ಎಂದು ಕೇಳಬೇಕು. ನಿಮ್ಮ 30 ಡಾಲರಿನ ವರದಿ ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ.

ಇ-ಕೋರ್ಟ್ಸ್ ಜೊತೆಗಿನ ನಿಮ್ಮ ಹೋಲಿಕೆ ಸಹಜವಾದದ್ದು, ಇಲ್ಲಿನ ತೊಡಕಿನ ಮೂಲವೂ ಅದರಲ್ಲೇ ತಿಳಿಯುತ್ತದೆ. ಭಾರತದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳು ಆಯಾ ರಾಜ್ಯದ ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿವೆ; ಆದ್ದರಿಂದ 2007ರಲ್ಲಿ ಆರಂಭವಾದ ಒಂದು ಯೋಜನೆಯ ಅಡಿಯಲ್ಲಿ ಎಲ್ಲಕ್ಕೂ ಒಂದೇ ಬಗೆಯ ತಂತ್ರಾಂಶ ಹಾಕಿ, ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಒಂದು ಗುರುತು ಕೊಡುವುದು ಸಾಧ್ಯವಾಯಿತು. ಟೆಕ್ಸಾಸಿನಲ್ಲಿ 254 ಕೌಂಟಿಗಳಿವೆ, ಮತ್ತು ಕೋರ್ಟಿನ ಕಡತಗಳನ್ನು ಕಾಯುವ ಕ್ಲರ್ಕ್ ಯಾರ ಕೈಕೆಳಗಿನ ನೌಕರರೂ ಅಲ್ಲ; ನಾಲ್ಕು ವರ್ಷಕ್ಕೊಮ್ಮೆ ಆಯಾ ಕೌಂಟಿಯ ಮತದಾರರೇ ಅವರನ್ನು ಚುನಾಯಿಸುತ್ತಾರೆ. ಯಾವ ತಂತ್ರಾಂಶ ಕೊಳ್ಳಬೇಕು, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಬೇಕೇ ಬೇಡವೇ, ಅಂತರ್ಜಾಲದಲ್ಲಿ ಹಾಕಬೇಕೇ ಎಂಬುದೆಲ್ಲ ಆ ಕೌಂಟಿಯ ತೆರಿಗೆ ಹಣವನ್ನೂ ಕಮಿಷನರ್ಸ್ ಕೋರ್ಟ್ ಎಂಬ ಆಡಳಿತ ಮಂಡಳಿಯ ತೀರ್ಮಾನವನ್ನೂ ಅವಲಂಬಿಸಿದೆ. ಡಲ್ಲಾಸ್, ಹ್ಯಾರಿಸ್‌ನಂಥ ದೊಡ್ಡ ಕೌಂಟಿಗಳಲ್ಲಿ ಮನೆಯಲ್ಲಿ ಕುಳಿತೇ ಬಹಳಷ್ಟನ್ನು ನೋಡಬಹುದು. ಇನ್ನೊಂದು ತುದಿಗೆ ಪಶ್ಚಿಮ ಟೆಕ್ಸಾಸಿನ ಲವಿಂಗ್ ಕೌಂಟಿಯಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 64 ಜನ. ಇವೆರಡೂ ಕಾನೂನಿನ ಕಣ್ಣಿನಲ್ಲಿ ಸರಿಸಮಾನವಾದ ಕೌಂಟಿಗಳು. ಹೀಗಾಗಿ ನಿಮ್ಮ ಕೌಂಟಿಯ ವೆಬ್‌ಸೈಟಿನಲ್ಲಿ ಫೋನ್ ನಂಬರು ಮಾತ್ರ ಇರುವುದಕ್ಕೆ ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆಂದು ಅರ್ಥವಲ್ಲ. ದಾಖಲೆ ಸಾರ್ವಜನಿಕವಾದದ್ದೇ, ಆದರೆ ಅದು ಇರುವುದು ಕಟ್ಟಡದೊಳಗೆ.

ಕಟ್ಟಡದೊಳಗೆ ಎಲ್ಲಿ ಎಂಬುದನ್ನು ಮೊದಲು ತಿಳಿಯಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಟೆಕ್ಸಾಸಿನಲ್ಲಿ ಅಪರಾಧದ ಗಂಭೀರತೆಗೆ ತಕ್ಕಂತೆ ಕಡತ ಮೂರು ಬೇರೆ ಬೇರೆ ಕೈಗಳಿಗೆ ಹೋಗುತ್ತದೆ. ಫೆಲನಿ ಎನ್ನುವ ಗಂಭೀರ ಅಪರಾಧಗಳ ವಿಚಾರಣೆ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ನಡೆಯುತ್ತದೆ, ಅದರ ಕಡತಗಳು ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ ಇರುತ್ತವೆ. ಎ ಮತ್ತು ಬಿ ದರ್ಜೆಯ ಮಿಸ್‌ಡಿಮೀನರ್‌ಗಳು, ಅಂದರೆ ಗರಿಷ್ಠ ಒಂದು ವರ್ಷದವರೆಗೆ ಕೌಂಟಿ ಜೈಲುವಾಸ ಆಗಬಹುದಾದ ಪ್ರಕರಣಗಳು, ಕೌಂಟಿ ಕೋರ್ಟಿನಲ್ಲಿ ನಡೆದು ಕೌಂಟಿ ಕ್ಲರ್ಕ್ ಬಳಿ ಉಳಿಯುತ್ತವೆ. ಮೊದಲ ಸಲ ಕುಡಿದು ವಾಹನ ಓಡಿಸಿದ ಕೇಸು ಸಾಮಾನ್ಯವಾಗಿ ಇಲ್ಲಿರುತ್ತದೆ. ಅದೇ ವ್ಯಕ್ತಿ ಮೂರನೆಯ ಸಲ ಸಿಕ್ಕಿಬಿದ್ದರೆ ಅದು ಫೆಲನಿಯಾಗಿ ಡಿಸ್ಟ್ರಿಕ್ಟ್ ಕ್ಲರ್ಕ್ ಕಡೆಗೆ ಹೋಗುತ್ತದೆ. ದಂಡ ಮಾತ್ರವಿರುವ ಸಿ ದರ್ಜೆಯ ಪ್ರಕರಣಗಳು ಜಸ್ಟಿಸ್ ಆಫ್ ದ ಪೀಸ್ ಎಂಬ ಸ್ಥಳೀಯ ನ್ಯಾಯಾಧೀಶರ ಕಚೇರಿಯಲ್ಲೋ ಪಟ್ಟಣದ ಮುನಿಸಿಪಲ್ ಕೋರ್ಟಿನಲ್ಲೋ ಇರುತ್ತವೆ, ಮತ್ತು ಆ ಕಚೇರಿ ಕೋರ್ಟ್‌ಹೌಸಿನಲ್ಲಿ ಇರಲೇಬೇಕೆಂದಿಲ್ಲ. 20 ಮೈಲಿ ದೂರದ ಇನ್ನೊಂದು ಊರಿನ ಅಗ್ನಿಶಾಮಕ ಠಾಣೆಯ ಮಗ್ಗುಲಿನಲ್ಲಿ ಅದನ್ನು ಕಂಡದ್ದಿದೆ. ಕೌಂಟಿ ಕ್ಲರ್ಕನ್ನು ಮಾತ್ರ ಕೇಳಿ, ‘ಏನೂ ಇಲ್ಲ’ ಎಂಬ ಉತ್ತರ ಪಡೆದು ನಿಶ್ಚಿಂತರಾಗಿ ಮರಳಿದವರ ಎಷ್ಟೋ ಪ್ರಕರಣಗಳಲ್ಲಿ, ಎದುರು ಬಾಗಿಲಿನ ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಯಲ್ಲಿ ದಪ್ಪನೆಯ ಕಡತ ಇದ್ದದ್ದನ್ನು ನಾನು ನೋಡಿದ್ದೇನೆ.

ದನ ಇರುವವರಾದ್ದರಿಂದ ನಿಮಗೆ ಇನ್ನೊಂದು ವಿವರ ಹೇಳಲೇಬೇಕು. ಟೆಕ್ಸಾಸಿನಲ್ಲಿ ಸಾಮಾನ್ಯ ಕಳ್ಳತನದ ದರ್ಜೆ ಕದ್ದ ವಸ್ತುವಿನ ಬೆಲೆಯ ಮೇಲೆ ನಿಲ್ಲುತ್ತದೆ: 100 ಡಾಲರಿಗಿಂತ ಕಡಿಮೆಯಾದರೆ ಸಿ ದರ್ಜೆ, 2,500 ಡಾಲರ್ ಮುಟ್ಟಿದರೆ ಫೆಲನಿ. ಆದರೆ ದನ ಮತ್ತು ಕುದುರೆಗೆ ಈ ಲೆಕ್ಕವಿಲ್ಲ. ಒಂದೇ ಒಂದು ಕರುವನ್ನು ಕದ್ದರೂ ಅದು ಮೂರನೆಯ ದರ್ಜೆಯ ಫೆಲನಿ. ಆದ್ದರಿಂದ ನೀವು ಅಂಜುವ ಬಗೆಯ ಪ್ರಕರಣ ಇದ್ದರೆ ಅದು ಇರುವುದು ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ. ಅಲ್ಲಿಂದಲೇ ಆರಂಭಿಸಿ.

ಕೌಂಟಿಯ ಜನಸಂಖ್ಯೆ 8,000ಕ್ಕಿಂತ ಕಡಿಮೆಯಿದ್ದರೆ ಒಂದು ಅನುಕೂಲವಿದೆ. ಅಂಥಲ್ಲಿ ಡಿಸ್ಟ್ರಿಕ್ಟ್ ಮತ್ತು ಕೌಂಟಿ ಕ್ಲರ್ಕ್ ಎರಡೂ ಹುದ್ದೆಗೆ ಒಬ್ಬರೇ ಇರಲು ರಾಜ್ಯದ ಸಂವಿಧಾನ ಅವಕಾಶ ಕೊಟ್ಟಿದೆ. ನಿಮ್ಮದು ಅಂಥ ಕೌಂಟಿಯಾದರೆ ಒಂದೇ ಮೇಜಿನಲ್ಲಿ ಎರಡೂ ಸೂಚಿಗಳನ್ನು, ಅಂದರೆ ಹೆಸರಿನಿಂದ ಕೇಸು ಹುಡುಕುವ ಪಟ್ಟಿಗಳನ್ನು, ನೋಡಬಹುದು. ಆದರೂ ಕೇಳುವಾಗ ‘ಫೆಲನಿ ಸೂಚಿ ಮತ್ತು ಮಿಸ್‌ಡಿಮೀನರ್ ಸೂಚಿ ಎರಡನ್ನೂ ನೋಡಿ’ ಎಂದು ಬಿಡಿಸಿ ಹೇಳಬೇಕು, ಏಕೆಂದರೆ ಮೇಜು ಒಂದಾದರೂ ಪುಸ್ತಕಗಳು ಎರಡು.

ಪುಸ್ತಕ ಎಂಬ ಮಾತನ್ನು ಬರವಣಿಗೆಯ ಅಂದಕ್ಕಾಗಿ ಬಳಸುತ್ತಿಲ್ಲ. ಒಮ್ಮೆ ಒಬ್ಬ ಮಧ್ಯವಯಸ್ಕರ ಹಳೆಯ ಪ್ರಕರಣ ಹುಡುಕಿಕೊಂಡು ಇಂಥದೇ ಒಂದು ಕೌಂಟಿಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ 1990ರ ದಶಕದ ಕೊನೆಯಿಂದೀಚಿನ ಕೇಸುಗಳು ಮಾತ್ರ ಇದ್ದವು. ಅದಕ್ಕೂ ಹಿಂದಿನವು ನೆಲಮಾಳಿಗೆಯ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ, ಉರುಳೆಗಳ ಮೇಲೆ ಜಾರುವ ಕಪಾಟುಗಳಲ್ಲಿ, ಒಬ್ಬರೇ ಎತ್ತಲಾಗದಷ್ಟು ಭಾರದ ಕ್ಯಾನ್‌ವಾಸ್ ಹೊದಿಕೆಯ ಪುಸ್ತಕಗಳಲ್ಲಿದ್ದವು. ಒಳಗೆ ಹೆಸರುಗಳು ವರ್ಣಾನುಕ್ರಮದಲ್ಲಿ ಇರಲಿಲ್ಲ. ಮನೆತನದ ಹೆಸರಿನ ಮೊದಲ ಅಕ್ಷರಕ್ಕೆ ಒಂದು ಭಾಗ, ಆ ಭಾಗದೊಳಗೆ ಕೇಸು ಬಂದ ಬಂದ ಹಾಗೆ ಶಾಯಿಯಲ್ಲಿ ಬರೆದ ಸಾಲುಗಳು. ಒಂದು ಹೆಸರಿಗಾಗಿ ಆ ಅಕ್ಷರದ ಅಷ್ಟೂ ಸಾಲುಗಳನ್ನು ಬೆರಳಿಟ್ಟು ಓದಬೇಕಾಯಿತು. ನಿಮ್ಮ ಪ್ರಕರಣ ಎಂಟು ವರ್ಷದಷ್ಟು ಹಳೆಯದು ಮಾತ್ರ, ಆದ್ದರಿಂದ ಬಹುಶಃ ಕಚೇರಿಯ ಕಂಪ್ಯೂಟರಿನಲ್ಲಿಯೇ ಸಿಗುತ್ತದೆ. ಆದರೂ ‘ನಿಮ್ಮ ಕಂಪ್ಯೂಟರ್ ಸೂಚಿ ಯಾವ ವರ್ಷದಿಂದ ಆರಂಭವಾಗುತ್ತದೆ?’ ಎಂದು ಕೇಳುವುದನ್ನು ಮರೆಯಬೇಡಿ. ಈ ಒಂದು ಪ್ರಶ್ನೆ ಕೇಳಿದವರನ್ನು ಕ್ಲರ್ಕ್‌ಗಳು ಬೇರೆಯದೇ ಗೌರವದಿಂದ ಕಾಣುತ್ತಾರೆ ಎಂಬುದು ನನ್ನ ಅನುಭವ.

ಹೋಗುವಾಗ ಪೂರ್ಣ ಹೆಸರು, ಮಧ್ಯದ ಹೆಸರು, ಹುಟ್ಟಿದ ದಿನಾಂಕ ಮತ್ತು ಹಿಂದೆ ಬಳಸಿದ ಹೆಸರುಗಳು ಕೈಯಲ್ಲಿರಬೇಕು. ದಿನಾಂಕವನ್ನು ಅಮೆರಿಕದ ಕ್ರಮದಲ್ಲಿ, ತಿಂಗಳನ್ನು ಮೊದಲು ಬರೆಯಿರಿ. ನಮ್ಮವರು ಅಭ್ಯಾಸಬಲದಿಂದ ದಿನವನ್ನು ಮೊದಲು ಬರೆದು ಇಡೀ ಹುಡುಕಾಟವನ್ನೇ ಹಾಳುಮಾಡಿಕೊಂಡದ್ದು ಉಂಟು. ಸಿಬ್ಬಂದಿಯೇ ಹುಡುಕಿಕೊಟ್ಟರೆ ಅದಕ್ಕೆ 5 ಡಾಲರ್, ಪ್ರತಿಗೆ ಪುಟಕ್ಕೆ 1 ಡಾಲರಿನ ಆಸುಪಾಸಿನ ಶುಲ್ಕ ಇರುತ್ತದೆ; ಸಾರ್ವಜನಿಕರಿಗಾಗಿ ಇಟ್ಟಿರುವ ಕಂಪ್ಯೂಟರಿನಲ್ಲಿ ನೀವೇ ನೋಡಿಕೊಂಡರೆ ಸಾಮಾನ್ಯವಾಗಿ ಖರ್ಚಿಲ್ಲ. ಮೂರು ಗಂಟೆ ಪ್ರಯಾಣ ಮಾಡಲಾಗದಿದ್ದರೆ ಅಂಚೆಯಲ್ಲಿ ಲಿಖಿತ ಕೋರಿಕೆ ಮತ್ತು ಮನಿ ಆರ್ಡರ್ ಕಳುಹಿಸಬಹುದು, ಆದರೆ ಶುಲ್ಕ ಎಷ್ಟು, ವೈಯಕ್ತಿಕ ಚೆಕ್ಕನ್ನು ಒಪ್ಪುತ್ತಾರೆಯೇ ಎಂಬುದನ್ನು ಮೊದಲು ಫೋನಿನಲ್ಲಿ ವಿಚಾರಿಸಿ. ಇಬ್ಬರು ಮೂವರು ನಡೆಸುವ ಕಚೇರಿ ಅದು. ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕುವುದು ಸಾಮಾನ್ಯ, ಕೋರ್ಟು ನಡೆಯುವ ದಿನ ಎಲ್ಲರೂ ಒಳಗಿರುತ್ತಾರೆ. ಹಳ್ಳಿಗಾಡಿನಲ್ಲಿ ಒಬ್ಬರೇ ಡಿಸ್ಟ್ರಿಕ್ಟ್ ಜಡ್ಜ್ ಹಲವು ಕೌಂಟಿಗಳನ್ನು ಸುತ್ತುವುದರಿಂದ ಆ ದಿನ ಯಾವುದೆಂಬುದನ್ನು ಕೇಳಿಕೊಂಡು ಅದನ್ನು ಬಿಟ್ಟು ಹೋಗುವುದು ಒಳ್ಳೆಯದು.

ಇನ್ನು ಆ ಬೇರೆ ಕೌಂಟಿಯ ಕಳ್ಳತನದ ವಿಷಯ. ಹೆಸರು ಹೊಂದಿದ ಮಾತ್ರಕ್ಕೆ ಮನುಷ್ಯ ಹೊಂದುವುದಿಲ್ಲ. ಖಾಸಗಿ ವೆಬ್‌ಸೈಟುಗಳು ಹತ್ತಾರು ಕಡೆಗಳಿಂದ ಒಟ್ಟಾರೆಯಾಗಿ ಕೊಂಡ ಮಾಹಿತಿಯನ್ನು ಹೆಸರಿನ ಆಧಾರದ ಮೇಲೆ ಹೊಂದಿಸುತ್ತವೆ. ತಂದೆ ಮಗ ಇಬ್ಬರಿಗೂ ಒಂದೇ ಹೆಸರಿದ್ದು ಸೀನಿಯರ್, ಜೂನಿಯರ್ ಎಂಬ ಬಾಲ ಮಾತ್ರ ಬೇರೆಯಾಗಿರುವ ಈ ನಾಡಿನಲ್ಲಿ ಅಪ್ಪನ ಕೇಸು ಮಗನ ತಲೆಗೆ ಸುತ್ತಿಕೊಳ್ಳುವುದು ದಿನನಿತ್ಯದ ಸಂಗತಿ. ನಾನೇ ಬಿಡಿಸಿದ ಒಂದು ಗೋಜಲಿನಲ್ಲಿ, ಕೆಲಸ ಕಳೆದುಕೊಳ್ಳುವುದರಲ್ಲಿದ್ದ 26 ವರ್ಷದ ಹುಡುಗನ ಹೆಸರಿನಲ್ಲಿದ್ದ ಕೇಸಿನ ದಿನಾಂಕ ನೋಡಿದರೆ ಆಗ ಅವನಿಗೆ ಮೂರು ವರ್ಷ. ವರದಿಯಲ್ಲಿ ದಿನಾಂಕವೂ ಅಚ್ಚಾಗಿತ್ತು, ಯಾರೂ ಕಳೆದು ನೋಡಿರಲಿಲ್ಲ. ನಮ್ಮವರಿಗಂತೂ ಇದು ಚೆನ್ನಾಗಿ ಅರ್ಥವಾಗಬೇಕು: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗಿ ಬಂದವರು, ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಆಗಿ ಕುಳಿತವರು ನಮ್ಮಲ್ಲಿ ಎಷ್ಟು ಜನ! ಆ ಕಳ್ಳತನದ ಕೇಸಿನ ಮೂಲ ಕಡತವನ್ನು ಆ ಕೌಂಟಿಯ ಕ್ಲರ್ಕ್ ಬಳಿ ತರಿಸಿ, ಹುಟ್ಟಿದ ದಿನಾಂಕ, ಮಧ್ಯದ ಹೆಸರು ಮತ್ತು ಆಗಿನ ವಿಳಾಸ ಈ ಮೂರರಲ್ಲಿ ಕನಿಷ್ಠ ಎರಡು ಹೊಂದುವವರೆಗೆ ಅದು ನಿಮ್ಮ ಕೆಲಸಗಾರರದು ಎಂದು ಮನಸ್ಸಿನಲ್ಲೂ ಅಂದುಕೊಳ್ಳಬೇಡಿ.

ರಾಜ್ಯ ಮಟ್ಟದಲ್ಲಿ ಒಂದೇ ಕಡೆ ಹುಡುಕುವ ದಾರಿ ಇಲ್ಲವೇ ಎಂದರೆ, ಇದೆ. ಟೆಕ್ಸಾಸಿನ ಸಾರ್ವಜನಿಕ ಸುರಕ್ಷತಾ ಇಲಾಖೆ, ಎಲ್ಲರೂ ಡಿಪಿಎಸ್ ಎನ್ನುವುದು, ಗಣಕೀಕೃತ ಅಪರಾಧ ದಾಖಲೆಯನ್ನು ಇಟ್ಟಿದೆ, ಮತ್ತು ಅದರ ಒಂದು ಭಾಗವನ್ನು ಯಾರು ಬೇಕಾದರೂ ಖಾತೆ ತೆರೆದು, ಸಣ್ಣ ಶುಲ್ಕ ಕೊಟ್ಟು ಹೆಸರು ಮತ್ತು ಹುಟ್ಟಿದ ದಿನಾಂಕದಿಂದ ಹುಡುಕಬಹುದು. ಇದನ್ನು ತಪ್ಪದೇ ಮಾಡಿ, ಆದರೆ ಅದರ ಮಿತಿಯನ್ನು ತಿಳಿದು ಮಾಡಿ. ಸಾರ್ವಜನಿಕರಿಗೆ ಕಾಣುವುದು ಶಿಕ್ಷೆಯಾದ ಪ್ರಕರಣಗಳು ಮತ್ತು ಡಿಫರ್ಡ್ ಅಡ್ಜುಡಿಕೇಷನ್ (ತೀರ್ಮಾನ ತಡೆಹಿಡಿದು ನಿಗಾದಲ್ಲಿರಿಸುವ ಕ್ರಮ; ವಿವರ ಮುಂದಿದೆ) ಆದವು ಮಾತ್ರ. ವಜಾ ಆದ ಕೇಸು, ಬರೀ ಬಂಧನ ಅಲ್ಲಿ ಕಾಣುವುದಿಲ್ಲ. ಆ ದಾಖಲೆ ನಿಂತಿರುವುದು ಬಂಧನದ ಹೊತ್ತಿನಲ್ಲಿ ತೆಗೆದುಕೊಂಡ ಬೆರಳಚ್ಚಿನ ಮೇಲೆ. ಬೆರಳಚ್ಚು ತೆಗೆಯದೆ ನೋಟಿಸು ಕೊಟ್ಟು ಕೋರ್ಟಿಗೆ ಕರೆಸಿದ್ದರೆ, ಅಥವಾ ಅಂತಿಮ ತೀರ್ಪನ್ನು ಕೌಂಟಿಯವರು ಕಳುಹಿಸದೆ ಬಿಟ್ಟಿದ್ದರೆ, ಆ ಪ್ರಕರಣ ಅಲ್ಲಿಗೆ ತಲುಪುವುದೇ ಇಲ್ಲ. ಸಿ ದರ್ಜೆಯ ಸಣ್ಣ ಪ್ರಕರಣಗಳಲ್ಲಿ ಬಹುಪಾಲು ಅಲ್ಲಿಗೆ ವರದಿಯಾಗುವುದಿಲ್ಲ. ಆದ್ದರಿಂದ ಡಿಪಿಎಸ್ ಹುಡುಕಾಟವು ಬೇರೆ ಯಾವ ಕೌಂಟಿಗಳ ಕಡೆ ನೋಡಬೇಕು ಎಂಬ ಸುಳಿವನ್ನು ಚೆನ್ನಾಗಿ ಕೊಡುತ್ತದೆ. ಕ್ಲರ್ಕ್ ಕಚೇರಿಯ ಕಡತದ ಸ್ಥಾನವನ್ನು ತುಂಬುವುದಿಲ್ಲ. ಲೈಂಗಿಕ ಅಪರಾಧಿಗಳ ನೋಂದಣಿ ಪಟ್ಟಿ ಬೇರೆಯಾಗಿದ್ದು, ಅದನ್ನು ಉಚಿತವಾಗಿ ನೋಡಬಹುದು. ಎಫ್‌ಬಿಐ ದಾಖಲೆಯನ್ನು ತರಿಸಿಕೊಳ್ಳಬಹುದೇ ಎಂದು ಹಲವರು ಕೇಳುತ್ತಾರೆ. ಅದನ್ನು ಪಡೆಯಲು ಅವಕಾಶವಿರುವುದು ಆ ವ್ಯಕ್ತಿಗೆ ಮಾತ್ರ, ತನ್ನ ಬೆರಳಚ್ಚು ಕೊಟ್ಟು, ತನ್ನದೇ ದಾಖಲೆಯನ್ನು.

ಪರಿಚಯದ ಡೆಪ್ಯುಟಿಯನ್ನು ದಯವಿಟ್ಟು ಕೇಳಬೇಡಿ. ನೀವು ಒಳ್ಳೆಯ ಮನಸ್ಸಿನಿಂದ ಕೇಳಿ, ಅವರು ಸ್ನೇಹಕ್ಕೆ ಕಟ್ಟುಬಿದ್ದು ಗಸ್ತಿನ ಕಾರಿನ ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿ ಹೇಳಿದರೆ, ರಾಜ್ಯದ ಮತ್ತು ರಾಷ್ಟ್ರದ ಪೊಲೀಸ್ ದತ್ತಾಂಶವನ್ನು ಕರ್ತವ್ಯಕ್ಕೆ ಹೊರತಾಗಿ ಬಳಸಿದಂತಾಗುತ್ತದೆ. ಟೆಕ್ಸಾಸಿನಲ್ಲಿ ಅದು ಅಪರಾಧ. ಹಾಗೆ ಪಡೆದ ಮಾಹಿತಿಯನ್ನು ಬಳಸಿದವರೂ ತೊಂದರೆಗೆ ಸಿಲುಕಬಹುದು. ಪ್ರತಿ ಹುಡುಕಾಟವೂ ದಾಖಲಾಗುತ್ತದೆ. ಒಬ್ಬ ನೆರೆಯವರ ಉಪಕಾರಕ್ಕಾಗಿ ಅವರ ನೌಕರಿಯನ್ನು ಪಣಕ್ಕೆ ಒಡ್ಡುವುದು ಬೇಡ.

ಶೆರಿಫ್ ಕಚೇರಿಯನ್ನು ನೇರವಾಗಿ, ಬಾಗಿಲಿನಿಂದಲೇ ಕೇಳುವ ಕ್ರಮಬದ್ಧವಾದ ಹಾದಿ ಇದೆ. ನೆರೆಯವರು ಕಂಡದ್ದು ಬಂಧನ. ಬಂಧನವಾದದ್ದೆಲ್ಲ ಕೇಸಾಗುವುದಿಲ್ಲ; ಪ್ರಾಸಿಕ್ಯೂಟರ್, ಅಂದರೆ ಸರ್ಕಾರಿ ವಕೀಲರು, ಆರೋಪ ಸಲ್ಲಿಸದೇ ಬಿಟ್ಟಿದ್ದರೆ ಕ್ಲರ್ಕ್ ಬಳಿ ಒಂದು ಹಾಳೆಯೂ ಇರುವುದಿಲ್ಲ, ಜೈಲಿಗೆ ಕರೆತಂದ ನೋಂದಣಿ ಮಾತ್ರ ಶೆರಿಫ್ ಬಳಿ ಇರುತ್ತದೆ. ಟೆಕ್ಸಾಸಿನ ಸಾರ್ವಜನಿಕ ಮಾಹಿತಿ ಕಾಯ್ದೆಯ ಪ್ರಕಾರ, ಬಂಧಿತ ವ್ಯಕ್ತಿ, ಬಂಧನ ಮತ್ತು ಅಪರಾಧದ ಕುರಿತ ಮೂಲ ವಿವರಗಳು ಬಹಿರಂಗವಾದವು. ವ್ಯಕ್ತಿಯ ಹೆಸರು, ಹುಟ್ಟಿದ ದಿನಾಂಕ, ಅಂದಾಜು ವರ್ಷ ಬರೆದು, ಈ ಮೂಲ ವಿವರಗಳನ್ನು ಕೋರುತ್ತೇನೆ ಎಂದು ಒಂದು ಪುಟದ ಅರ್ಜಿ ಕೊಡಿ. ಕೊಡಲಾಗದು ಎನ್ನಿಸಿದರೆ ಅವರು ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳೊಳಗೆ ರಾಜ್ಯದ ಅಟಾರ್ನಿ ಜನರಲ್ ಅಭಿಪ್ರಾಯ ಕೇಳಬೇಕು. ನಮ್ಮ ಮಾಹಿತಿ ಹಕ್ಕು ಅರ್ಜಿಯನ್ನು ಬರೆದು ಗೊತ್ತಿದ್ದವರಿಗೆ ಇದು ಹೊಸತೆನ್ನಿಸುವುದಿಲ್ಲ; ಒಂದು ವ್ಯತ್ಯಾಸವೆಂದರೆ, ಈ ಕಾಯ್ದೆ ನ್ಯಾಯಾಲಯದ ಕಡತಗಳಿಗೆ ಅನ್ವಯಿಸುವುದಿಲ್ಲ, ಅವನ್ನು ಕ್ಲರ್ಕ್ ಬಳಿಯೇ ನೋಡಬೇಕು.

ಕಡತ ಕೈಗೆ ಬಂದಾಗ ಮೊದಲ ಪುಟದ ಆರೋಪವನ್ನು ನೋಡಿ ಬೆಚ್ಚಬೇಡಿ, ಕೊನೆಯ ಪುಟಕ್ಕೆ ಹೋಗಿ. ನಿಜವಾದ ಸಂಗತಿ ಇರುವುದು ಇತ್ಯರ್ಥದ ಆದೇಶದಲ್ಲಿ. ‘ನೋ ಬಿಲ್’ ಎಂದಿದ್ದರೆ ವಿಚಾರಣೆಗೆ ತಕ್ಕ ಆಧಾರವಿಲ್ಲವೆಂದು ಗ್ರ್ಯಾಂಡ್ ಜ್ಯೂರಿಯೇ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಹೇಳಿದೆ. ‘ಡಿಸ್‌ಮಿಸ್ಡ್’ ಎಂದಿದ್ದರೆ ಏಕೆ ವಜಾ ಆಯಿತೆಂಬ ಕಾರಣ ಸಾಮಾನ್ಯವಾಗಿ ಅದೇ ಹಾಳೆಯಲ್ಲಿ ಗುರುತು ಮಾಡಿರುತ್ತದೆ: ಸಾಕ್ಷ್ಯ ಸಾಲದು, ಸಾಕ್ಷಿ ಸಿಗಲಿಲ್ಲ, ಅಥವಾ ಇನ್ನೊಂದು ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿದ್ದಾನೆ. ಇವುಗಳ ನಡುವೆ ಆಕಾಶ ಭೂಮಿಯ ಅಂತರವಿದೆ. ಕೊನೆಯದನ್ನು ಕಂಡರೆ ಆ ಇನ್ನೊಂದು ಪ್ರಕರಣದ ಸಂಖ್ಯೆಯನ್ನು ಬರೆದುಕೊಂಡು ಅದನ್ನೂ ತರಿಸಿ. ಡಿಫರ್ಡ್ ಅಡ್ಜುಡಿಕೇಷನ್ ಎಂಬುದು ನಮ್ಮವರಿಗೆ ತೀರ ಗೊಂದಲದ ಪದ. ತಪ್ಪೊಪ್ಪಿಗೆಯನ್ನೋ ‘ವಿರೋಧವಿಲ್ಲ’ ಎಂಬ ಹೇಳಿಕೆಯನ್ನೋ ಪಡೆದ ನ್ಯಾಯಾಧೀಶರು, ಅಪರಾಧಿ ಎಂದು ತೀರ್ಮಾನಿಸದೆ, ಷರತ್ತುಗಳ ಮೇಲೆ ನಿಗಾದಲ್ಲಿರಿಸುತ್ತಾರೆ; ಅವಧಿ ಸರಿಯಾಗಿ ಮುಗಿದರೆ ಕೇಸು ವಜಾ ಆಗುತ್ತದೆ, ಮುರಿದರೆ ಶಿಕ್ಷೆಯಾಗುತ್ತದೆ. ಆದ್ದರಿಂದ ಆ ಪದದ ನಂತರ ‘ನಿಗಾ ರದ್ದುಮಾಡುವ ಕೋರಿಕೆ’ ಏನಾದರೂ ಬಂದಿದೆಯೇ ಎಂಬುದನ್ನು ಕೇಸಿನ ಹಂತಗಳನ್ನು ಪಟ್ಟಿಮಾಡುವ ಡಾಕೆಟ್ ಹಾಳೆಯಲ್ಲಿ ನೋಡಬೇಕು.

ಕೆಲವು ದಾಖಲೆಗಳು ಇದ್ದೂ ನಿಮಗೆ ಸಿಗುವುದಿಲ್ಲ, ಸಿಗಲೂಬಾರದು. ಟೆಕ್ಸಾಸಿನಲ್ಲಿ ಎಕ್ಸ್‌ಪಂಕ್ಷನ್ ಆದೇಶವಾದರೆ ದಾಖಲೆಯನ್ನು ಅಳಿಸಲಾಗುತ್ತದೆ, ಆ ಬಂಧನವೇ ನಡೆದಿಲ್ಲವೆಂದು ಹೇಳುವ ಹಕ್ಕು ವ್ಯಕ್ತಿಗೆ ಬರುತ್ತದೆ. ನಾನ್‌ಡಿಸ್‌ಕ್ಲೋಷರ್ ಆದೇಶವಾದರೆ ದಾಖಲೆ ಉಳಿದರೂ ಸಾರ್ವಜನಿಕರಿಗೆ ಮುಚ್ಚಿಹೋಗುತ್ತದೆ. ಬಾಲಾಪರಾಧದ ಕಡತಗಳೂ ಗೋಪ್ಯವಾದವು. ಇಂಥ ಪ್ರಕರಣಗಳಲ್ಲಿ ಕ್ಲರ್ಕ್ ‘ದಾಖಲೆ ಇಲ್ಲ’ ಎಂದಷ್ಟೇ ಹೇಳುತ್ತಾರೆ. ಕೋರ್ಟು ಯೋಚಿಸಿ ಮುಚ್ಚಿದ್ದನ್ನು ನಾವು ಕೆದಕುವುದು ನ್ಯಾಯವೂ ಅಲ್ಲ. ಖಾಸಗಿ ವೆಬ್‌ಸೈಟಿನ ಹಳೆಯ ಪ್ರತಿಯಲ್ಲಿ ಇಂಥದ್ದು ಇನ್ನೂ ಉಳಿದಿದ್ದು ನಿಮ್ಮ ಕಣ್ಣಿಗೆ ಬಿದ್ದರೆ, ಮೂಲ ಕಚೇರಿಯಲ್ಲಿ ಇಲ್ಲದ್ದನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ಇದರ ಜೊತೆಗೆ ಓಡಾಡುವ ಒಂದು ತಪ್ಪು ತಿಳುವಳಿಕೆಯನ್ನೂ ಬಿಡಿಸಿಬಿಡುತ್ತೇನೆ: ಏಳು ವರ್ಷ ಕಳೆದರೆ ದಾಖಲೆ ತಾನಾಗಿ ಅಳಿಯುತ್ತದೆ ಎಂಬುದು ನಿಜವಲ್ಲ. ಏಳು ವರ್ಷದ ಮಿತಿ ಇರುವುದು 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯಲ್ಲಿ, ಅದೂ ವರದಿ ಮಾರುವ ಸಂಸ್ಥೆಗಳು ಶಿಕ್ಷೆಯಾಗದ ಬಂಧನವನ್ನು ಎಷ್ಟು ಕಾಲ ತೋರಿಸಬಹುದೆಂಬುದಕ್ಕೆ. ಎಂಟು ವರ್ಷ ಹಿಂದಿನ ಬಂಧನ ನಿಮ್ಮ ವರದಿಯಲ್ಲಿ ಕಾಣದೆ ಇರಲು ಇದೂ ಕಾರಣವಾಗಿರಬಹುದು. ಕೋರ್ಟ್‌ಹೌಸಿನ ಕಡತಕ್ಕೆ ಆ ಮಿತಿಯಿಲ್ಲ.

ಅವರು ಇದೇ ಕೌಂಟಿಯಲ್ಲಿ ಹುಟ್ಟಿ ಬೆಳೆದವರಲ್ಲದಿದ್ದರೆ, ಕಳೆದ ಹತ್ತು ವರ್ಷಗಳಲ್ಲಿ ವಾಸವಿದ್ದ ಪ್ರತಿ ಕೌಂಟಿಯಲ್ಲೂ ಇದೇ ಹುಡುಕಾಟ ಬೇಕು. ಗಡಿಯಾಚೆಯ ಒಕ್ಲಹೋಮದಲ್ಲಿ ಇದ್ದವರಾದರೆ ಕೆಲಸ ಹಗುರ; ಅಲ್ಲಿನ ಬಹಳಷ್ಟು ಕೌಂಟಿಗಳ ಡಾಕೆಟ್‌ಗಳನ್ನು ರಾಜ್ಯದ ನ್ಯಾಯಾಲಯ ಜಾಲದಲ್ಲಿ ಉಚಿತವಾಗಿ ನೋಡಬಹುದು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನಿನ ಪ್ರಕರಣಗಳು ಕೌಂಟಿಯ ಪುಸ್ತಕಕ್ಕೆ ಬರುವುದೇ ಇಲ್ಲ. ಲವಿಂಗ್ ಕೌಂಟಿಯಲ್ಲಿ ನಡೆದ ಫೆಡರಲ್ ಅಪರಾಧದ ಕಡತ ಫೆಡರಲ್ ಕೋರ್ಟಿನ ಪಶ್ಚಿಮ ಟೆಕ್ಸಾಸ್ ಡಿಸ್ಟ್ರಿಕ್ಟಿನ ಪೇಕೋಸ್ ವಿಭಾಗದಲ್ಲಿರುತ್ತದೆ. ಅದಕ್ಕೆ ಪೇಸರ್ ಎಂಬ ರಾಷ್ಟ್ರೀಯ ಜಾಲವಿದೆ, ಪುಟಕ್ಕೆ 10 ಸೆಂಟ್, ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಶುಲ್ಕವಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನೀವೇ ಹೋಗಿ ಕ್ಲರ್ಕ್ ಕಚೇರಿಯಲ್ಲಿ ಸಾರ್ವಜನಿಕ ಕಡತ ನೋಡಲು ಆ ವ್ಯಕ್ತಿಯ ಒಪ್ಪಿಗೆ ಬೇಕಿಲ್ಲ, ಅದು ಕಾನೂನಿಗೆ ವಿರುದ್ಧವೂ ಅಲ್ಲ. ಆದರೆ ನೇಮಕದ ನಿರ್ಧಾರಕ್ಕಾಗಿ ಒಂದು ಸಂಸ್ಥೆಯಿಂದ ವರದಿ ಕೊಂಡ ಕೂಡಲೇ ಆ 1970ರ ಕಾಯ್ದೆ ಎದುರಾಗುತ್ತದೆ: ವರದಿ ತರಿಸುತ್ತೇವೆಂದು ಪ್ರತ್ಯೇಕ ಹಾಳೆಯಲ್ಲಿ ತಿಳಿಸಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು, ವರದಿಯ ಕಾರಣದಿಂದ ಕೆಲಸ ನಿರಾಕರಿಸುವುದಾದರೆ ಅದಕ್ಕೂ ಮೊದಲೇ ವರದಿಯ ಪ್ರತಿ ಮತ್ತು ಹಕ್ಕುಗಳ ಸಾರಾಂಶ ಕೊಟ್ಟು, ತಪ್ಪಿದ್ದರೆ ತಿದ್ದಿಸಲು ಸಮಯ ಕೊಡಬೇಕು. ‘ನೌಕರಿ ಅಥವಾ ಬಾಡಿಗೆಯ ನಿರ್ಧಾರಕ್ಕೆ ಬಳಸಬಾರದು’ ಎಂದು ಅಗ್ಗದ ವೆಬ್‌ಸೈಟುಗಳು ಸಣ್ಣ ಅಕ್ಷರದಲ್ಲಿ ಬರೆದಿರುವುದು ಇದೇ ಕಾರಣಕ್ಕೆ. ನೀವು ತರಿಸಿದ ವರದಿಯ ಕೊನೆಯ ಪುಟವನ್ನು ಒಮ್ಮೆ ನೋಡಿ; ಆ ಸಾಲು ಇದ್ದರೆ ಅದನ್ನು ಈ ನಿರ್ಧಾರದಿಂದ ಹೊರಗಿಡಿ. ಕಾಯ್ದೆಗೆ ಬದ್ಧವಾದ ಸಂಸ್ಥೆಯ ಮೂಲಕ ಹೋಗುವುದಾದರೆ, ‘ಈ ಕೌಂಟಿಯ ಕೋರ್ಟ್‌ಹೌಸಿಗೆ ನಿಮ್ಮವರು ಖುದ್ದಾಗಿ ಹೋಗುತ್ತಾರೆಯೇ, ಅಥವಾ ಕೊಂಡ ದತ್ತಾಂಶದಲ್ಲಿ ಹುಡುಕುತ್ತೀರೋ?’ ಎಂದು ಕೇಳಿ. ಖುದ್ದಾಗಿ ಹೋಗುವವರು ಹೆಚ್ಚು ಹಣ ಕೇಳುತ್ತಾರೆ, ಆ ಹಣಕ್ಕೆ ಅರ್ಥವಿದೆ. ಮನೆಯ ಆವರಣದಲ್ಲಿ ವಾಸಕ್ಕೆ ಕೊಡುವ ವಿಷಯವೂ ಸೇರಿರುವುದರಿಂದ, ಕರಾರು ಬರೆಯುವ ಮುನ್ನ ಸ್ಥಳೀಯ ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಕೇಳುವುದು ದುಬಾರಿಯಲ್ಲ. ಬಾಡಿಗೆದಾರರಾಗಿ ನೆಲೆಸಿದವರನ್ನು ಆಮೇಲೆ ತೆರವುಗೊಳಿಸಬೇಕಾದರೆ ಅದಕ್ಕೆ ಬೇರೆಯೇ ಕಾನೂನಿದೆ.

ತಿಳಿಸದೆ ಹುಡುಕಬಹುದು ಎಂದೆ. ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಅವರನ್ನೇ ಕೇಳುತ್ತಿದ್ದೆ. ‘ನನ್ನ ತಂದೆತಾಯಿ ಇಲ್ಲಿ ಇಬ್ಬರೇ ಇರುತ್ತಾರೆ, ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಅದಕ್ಕಾಗಿ ಯಾರನ್ನೇ ಇಟ್ಟುಕೊಂಡರೂ ಕೋರ್ಟ್ ದಾಖಲೆ ನೋಡುತ್ತೇನೆ. ನಾನು ನೋಡುವ ಮುಂಚೆ ನೀವು ಹೇಳಬೇಕಾದದ್ದು ಏನಾದರೂ ಇದೆಯೇ?’ ಎಂದು ಎದುರು ಕುಳಿತು ಕೇಳಿ, ಪೂರ್ಣ ಹೆಸರು, ಹುಟ್ಟಿದ ದಿನಾಂಕ ಮತ್ತು ಹತ್ತು ವರ್ಷಗಳ ವಿಳಾಸಗಳನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಮಂದಿ ಆಗಲೇ ಹೇಳಿಬಿಡುತ್ತಾರೆ, ಮತ್ತು ಅವರು ಹೇಳಿದ್ದನ್ನು ಕಡತದ ಕೊನೆಯ ಪುಟದೊಂದಿಗೆ ಹೋಲಿಸಿದಾಗ ಅಪರಾಧದ ಹೆಸರಿಗಿಂತ ಹೆಚ್ಚಿನದು ತಿಳಿಯುತ್ತದೆ. ಎಂಟು ವರ್ಷದ ಹಿಂದಿನ ಕುಡಿತದ ಕೇಸು, ನಿಗಾ ಅವಧಿ ಸರಿಯಾಗಿ ಮುಗಿದು, ಆಮೇಲೆ ಏನೂ ಇಲ್ಲ ಎಂದಾದರೆ ನಾನು ಅವರನ್ನು ನೇಮಿಸಿಕೊಳ್ಳುತ್ತಿದ್ದೆ, ಅಪ್ಪನನ್ನು ಅವರ ಟ್ರಕ್ಕಿನಲ್ಲಿ ಆಸ್ಪತ್ರೆಗೆ ಕಳುಹಿಸುವ ವಿಷಯದಲ್ಲಿ ಮಾತ್ರ ಎಚ್ಚರ ವಹಿಸುತ್ತಿದ್ದೆ. ವಯಸ್ಸಾದವರ ಮೇಲಿನ ಹಲ್ಲೆಯೋ ಹಣ ದೋಚಿದ ಪ್ರಕರಣವೋ ಆಗಿದ್ದರೆ, ಎಷ್ಟು ಹಳೆಯದಾದರೂ ಆ ಟ್ರೈಲರಿನಲ್ಲಿ ಇರಿಸುತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಡಿಸ್ಟ್ರಿಕ್ಟ್ ಕ್ಲರ್ಕ್ ಕಚೇರಿಗೆ ಫೋನ್ ಮಾಡಿ. ಕೋರ್ಟು ಇಲ್ಲದ ದಿನ ಯಾವುದು, ಮಿಸ್‌ಡಿಮೀನರ್ ಪುಸ್ತಕವೂ ನಿಮ್ಮಲ್ಲಿಯೇ ಇದೆಯೇ, ಸೂಚಿ ಯಾವ ವರ್ಷದಿಂದ ಇದೆ, ಸಿ ದರ್ಜೆಯ ಪ್ರಕರಣಗಳಿಗೆ ಯಾವ ಜಸ್ಟಿಸ್ ಆಫ್ ದ ಪೀಸ್ ಕಚೇರಿಗೆ ಹೋಗಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ. ಉತ್ತರ ಕೊಟ್ಟವರ ಹೆಸರನ್ನು ಬರೆದುಕೊಳ್ಳಿ. ನೀವು ಹೋದಾಗ ಆ ಮೇಜಿನಲ್ಲಿ ಕುಳಿತಿರುವವರು ಬಹುಮಟ್ಟಿಗೆ ಅವರೇ ಆಗಿರುತ್ತಾರೆ.